ಹರ್ಮನ್ ಸ್ಟೌಡಿಂಗರ್: ದೊಡ್ಡ ಅಣುಗಳನ್ನು ಅಳೆದ ವಿಜ್ಞಾನಿ

ಕಾಮರ್ಸ್ ಓದುವವಳಿಗೆ ರಸಾಯನಶಾಸ್ತ್ರದ ವಿಜ್ಞಾನಿಯ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಕಾರಣ ನಮ್ಮ ಸಂಖ್ಯಾಶಾಸ್ತ್ರದ ಪಾಠ. ನನ್ನದು ಎಸ್.ಇ.ಬಿ.ಎ. ಕಾಂಬಿನೇಷನ್. ಸರಾಸರಿ, ತೂಕದ ಸರಾಸರಿ ಎಂದು ನಾವು ಲೆಕ್ಕ ಮಾಡುತ್ತಲೇ ಇರುತ್ತೇವೆ. ಒಂದು ದಿನ ಸೈನ್ಸ್ ವಿಭಾಗದ ಗೆಳತಿಯ ನೋಟ್ಸ್ ತಿರುವಿ ಹಾಕುತ್ತಿದ್ದಾಗ ಅಲ್ಲಿಯೂ ಅದೇ ಎರಡು ಸರಾಸರಿಗಳು ಕಂಡವು. ಪ್ಲಾಸ್ಟಿಕ್, ನೈಲಾನ್‌ನಂಥ ಪಾಲಿಮರ್‌ಗಳ ಅಣುತೂಕವನ್ನು ಸರಾಸರಿಯಾಗಿಯೇ ಹೇಳಬೇಕು ಎಂದು ಅವಳು ಕೆಂಪು ಶಾಯಿಯಲ್ಲಿ ಬರೆದುಕೊಂಡಿದ್ದಳು. ನೀರಿನ ಅಣುತೂಕ 18. ಸಕ್ಕರೆಯದು 342. ಇವಕ್ಕೆ ಸರಾಸರಿ ಬೇಕಿಲ್ಲ, ಏಕೆಂದರೆ ಸಕ್ಕರೆಯ ಎಲ್ಲ ಅಣುಗಳ ಅಳತೆಯೂ ಒಂದೇ. ಹಾಗಾದರೆ ಪ್ಲಾಸ್ಟಿಕ್‌ಗೆ ಮಾತ್ರ ಸರಾಸರಿ ಏಕೆ? ಇದನ್ನು ಹುಡುಕುತ್ತಾ ಹೋದಾಗ ಸಿಕ್ಕವರು ಹರ್ಮನ್ ಸ್ಟೌಡಿಂಗರ್. ಅವರ ಜೀವನವನ್ನು ಓದಿದ ಮೇಲೆ ಈ ಪ್ರಶ್ನೆಗಾಗಿ ಒಬ್ಬ ಮನುಷ್ಯ ಎಷ್ಟು ಅವಮಾನ ಸಹಿಸಿಕೊಳ್ಳಬೇಕಾಯಿತು ಎಂದು ಆಶ್ಚರ್ಯವಾಯಿತು. ಅದನ್ನೇ ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಸ್ಟೌಡಿಂಗರ್ ಅವರು 1881ರ ಮಾರ್ಚ್ 23ರಂದು ಜರ್ಮನಿಯ ವೋರ್ಮ್ಸ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಫ್ರಾಂಜ್ ಸ್ಟೌಡಿಂಗರ್ ಶಾಲಾ ಶಿಕ್ಷಕರು ಮತ್ತು ತತ್ತ್ವಜ್ಞಾನಿ. ನಮ್ಮ ಬಿಸಿನೆಸ್ ಸ್ಟಡೀಸ್‌ನಲ್ಲಿ ಗ್ರಾಹಕರ ಸಹಕಾರ ಸಂಘ ಎಂದು ಓದುತ್ತೇವಲ್ಲ, ಜರ್ಮನಿಯಲ್ಲಿ ಆ ಚಳವಳಿಗೆ ವಿಚಾರ ಒದಗಿಸಿದವರಲ್ಲಿ ಈ ತಂದೆಯೂ ಒಬ್ಬರು. ಮಗನಿಗೆ ಗಿಡಮರಗಳ ಹುಚ್ಚು. ಸಸ್ಯಶಾಸ್ತ್ರ ಓದುತ್ತೇನೆ ಎಂದು ಹೊರಟಾಗ, ಗಿಡವನ್ನು ಚೆನ್ನಾಗಿ ತಿಳಿಯಬೇಕಾದರೆ ಮೊದಲು ರಸಾಯನಶಾಸ್ತ್ರ ಗೊತ್ತಿರಬೇಕು ಎಂದು ಮನೆಯಲ್ಲಿ ಸಲಹೆ ಬಂತು. ಹುಡುಗ ಒಪ್ಪಿದ. ಹೀಗೆ ಹೋದವರು ಮತ್ತೆ ಹಿಂದಿರುಗಲಿಲ್ಲ.

1903ರಲ್ಲಿ ಹಾಲೆ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದರು. ನಂತರ ಸ್ಟ್ರಾಸ್‌ಬರ್ಗ್‌ನಲ್ಲಿ ಯೊಹಾನೆಸ್ ಥೀಲೆ ಎಂಬ ಪ್ರಾಧ್ಯಾಪಕರ ಬಳಿ ಕೆಲಸ ಮಾಡುತ್ತಿದ್ದಾಗ, 1905ರಲ್ಲಿ, ಕೀಟೀನ್ ಎಂಬ ಹೊಸ ಜಾತಿಯ ರಾಸಾಯನಿಕಗಳನ್ನು ಕಂಡುಹಿಡಿದರು. ಆಗ ಅವರಿಗೆ ಇಪ್ಪತ್ತನಾಲ್ಕು ವರ್ಷ. ಹೆಸರು ಬಂತು. 1907ರಲ್ಲಿ ಕಾರ್ಲ್ಸ್‌ರೂಹೆಯಲ್ಲಿ ಪ್ರಾಧ್ಯಾಪಕ ಹುದ್ದೆ. ಅಲ್ಲಿ ರಬ್ಬರಿನ ಮೂಲವಸ್ತುವಾದ ಐಸೊಪ್ರೀನ್ ತಯಾರಿಸುವ ಕೆಲಸದಲ್ಲಿ ತೊಡಗಿದರು. 1912ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಅವರು ಕುಳಿತದ್ದು ರಿಚರ್ಡ್ ವಿಲ್‌ಶ್ಟೆಟರ್ ಎಂಬ ಮಹಾನ್ ವಿಜ್ಞಾನಿಯ ಕುರ್ಚಿಯಲ್ಲಿ.

ಮೊದಲನೆಯ ಮಹಾಯುದ್ಧ ಬಂದಾಗ ಜರ್ಮನಿಗೆ ಹಡಗುಗಳು ಬರುವುದು ನಿಂತಿತು. ಕಾಫಿ ಇಲ್ಲ, ಮೆಣಸಿಲ್ಲ. ಆಗ ಸ್ಟೌಡಿಂಗರ್ ಅವರು ಕರಿಮೆಣಸಿನ ಖಾರವನ್ನು ಪ್ರಯೋಗಶಾಲೆಯಲ್ಲಿ ತಯಾರಿಸುವ ಕೆಲಸ ಮಾಡಿದರು. ಕಾಫಿಯ ಪರಿಮಳ ಯಾವ ಯಾವ ವಸ್ತುಗಳಿಂದ ಬರುತ್ತದೆ ಎಂಬುದನ್ನೂ ತಮ್ಮ ಶಿಷ್ಯರೊಂದಿಗೆ ಹುಡುಕಿದರು. ನಮ್ಮ ಚಿಕ್ಕಮಗಳೂರಿನವರು ಕೇಳಿದರೆ ನಗುತ್ತಾರೇನೋ!

ಅದೇ ಯುದ್ಧದ ಕಾಲದಲ್ಲಿ ಅವರು ಮಾಡಿದ ಇನ್ನೊಂದು ಕೆಲಸ ನನಗೆ ತುಂಬಾ ಹಿಡಿಸಿತು. 1917ರಲ್ಲಿ ಅಮೆರಿಕ ಯುದ್ಧಕ್ಕೆ ಇಳಿದ ಮೇಲೆ ಅವರು ಎರಡೂ ಪಕ್ಷಗಳ ಕಲ್ಲಿದ್ದಲು ಮತ್ತು ಯಂತ್ರಶಕ್ತಿಯನ್ನು ಲೆಕ್ಕ ಹಾಕಿದರು. ಬ್ಯಾಲೆನ್ಸ್ ಶೀಟ್ ಮಾಡಿದ ಹಾಗೆ. ಈ ಲೆಕ್ಕದ ಪ್ರಕಾರ ಜರ್ಮನಿ ಗೆಲ್ಲುವುದು ಸಾಧ್ಯವೇ ಇಲ್ಲ, ಆದ್ದರಿಂದ ಯುದ್ಧ ಮುಂದುವರಿಸುವುದು ವ್ಯರ್ಥ ಎಂದು ಬರೆದರು. ವಿಷಾನಿಲದ ಬಳಕೆಯನ್ನೂ ವಿರೋಧಿಸಿದರು. ವಿಷಾನಿಲದ ಕೆಲಸದ ಮುಖ್ಯಸ್ಥರಾಗಿದ್ದ ಪ್ರಸಿದ್ಧ ವಿಜ್ಞಾನಿ ಫ್ರಿಟ್ಜ್ ಹೇಬರ್ ಅವರಿಗೆ ಇದರಿಂದ ಸಿಟ್ಟು ಬಂತು. ದೇಶ ಕಷ್ಟದಲ್ಲಿದ್ದಾಗ ಬೆನ್ನಿಗೆ ಇರಿದವನು ಎಂಬ ಆರೋಪ ಸ್ಟೌಡಿಂಗರ್ ಅವರ ಮೇಲೆ ಬಿತ್ತು. ಈ ಆರೋಪ ಮುಂದೆ ಹದಿನೈದು ವರ್ಷಗಳ ನಂತರ ಮತ್ತೆ ಎದ್ದು ಬಂತು. ಅದನ್ನು ಆಮೇಲೆ ಹೇಳುತ್ತೇನೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ರಬ್ಬರ್, ಹತ್ತಿ, ರೇಷ್ಮೆ, ಸೆಲ್ಯುಲಾಯ್ಡ್ ಇವೆಲ್ಲ ಆಗಲೂ ಜನ ಬಳಸುತ್ತಿದ್ದ ವಸ್ತುಗಳೇ. ಆದರೆ ಇವು ಒಳಗೆ ಹೇಗಿವೆ ಎಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಹೆಚ್ಚಿನ ವಿಜ್ಞಾನಿಗಳ ನಂಬಿಕೆ ಏನೆಂದರೆ, ಇವು ಕೂಡ ಸಕ್ಕರೆಯಂತೆ ಚಿಕ್ಕ ಅಣುಗಳೇ. ಆ ಚಿಕ್ಕ ಅಣುಗಳು ಯಾವುದೋ ದುರ್ಬಲ ಸೆಳೆತದಿಂದ ಗುಂಪು ಸೇರಿ ದೊಡ್ಡದಾಗಿ ಕಾಣುತ್ತವೆ, ಅಷ್ಟೆ. ಜೇನುನೊಣಗಳು ಕೊಂಬೆಗೆ ಗುಂಪಾಗಿ ನೇತಾಡುವಂತೆ. ರಬ್ಬರ್ ಎಂದರೆ ಎರಡು ಐಸೊಪ್ರೀನ್ ಸೇರಿದ ಸಣ್ಣ ಉಂಗುರಗಳ ಗುಂಪು ಎಂದು ಕಾರ್ಲ್ ಹ್ಯಾರೀಸ್ ಎಂಬವರು ಹೇಳಿದ್ದರು. ಆ ಉಂಗುರಗಳನ್ನು ಹಿಡಿದಿಡುವ ದುರ್ಬಲ ಸೆಳೆತದ ಕಲ್ಪನೆ ಬಂದದ್ದು ಬೇರೆ ಯಾರಿಂದಲೂ ಅಲ್ಲ, ಸ್ಟೌಡಿಂಗರ್ ಅವರ ಗುರು ಥೀಲೆ ಅವರಿಂದ.

1920ರಲ್ಲಿ ಸ್ಟೌಡಿಂಗರ್ ಅವರು ಒಂದು ಪ್ರಬಂಧ ಪ್ರಕಟಿಸಿ ಇದು ಗುಂಪು ಅಲ್ಲ, ಸರಪಳಿ ಎಂದರು. ಸಾವಿರಾರು ಸಣ್ಣ ಘಟಕಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಒಂದೇ ಉದ್ದದ ಅಣುವಾಗಿವೆ. ಆ ಕೊಂಡಿಗಳು ಸಾಮಾನ್ಯ ಅಣುಗಳಲ್ಲಿ ಇರುವಂಥ ಗಟ್ಟಿ ಕೊಂಡಿಗಳೇ. 1922ರಲ್ಲಿ ಇಂಥ ಅಣುಗಳಿಗೆ ಅವರೇ ಒಂದು ಹೆಸರು ಕೊಟ್ಟರು: ಮ್ಯಾಕ್ರೋಮಾಲಿಕ್ಯೂಲ್. ದೊಡ್ಡ ಅಣು ಎಂದು ಅರ್ಥ. ಅದೇ ಸಮಯಕ್ಕೆ ಒಂದು ಜಾಣ ಪ್ರಯೋಗವನ್ನೂ ಮಾಡಿದರು. ವಿರೋಧಿಗಳ ಪ್ರಕಾರ ರಬ್ಬರಿನ ಚಿಕ್ಕ ಅಣುಗಳನ್ನು ಸೆಳೆದಿಟ್ಟಿರುವುದು ಅದರಲ್ಲಿರುವ ಜೋಡಿ ಬಂಧಗಳು. ಹಾಗಾದರೆ ಹೈಡ್ರೋಜನ್ ಸೇರಿಸಿ ಆ ಜೋಡಿ ಬಂಧಗಳನ್ನು ಇಲ್ಲವಾಗಿಸಿದರೆ ಗುಂಪು ಚದುರಬೇಕು, ರಬ್ಬರ್ ಒಂದು ತೆಳುವಾದ ದ್ರವವಾಗಬೇಕು. ಸ್ಟೌಡಿಂಗರ್ ಹಾಗೆ ಮಾಡಿ ನೋಡಿದರು. ಗುಂಪು ಚದುರಲಿಲ್ಲ. ಹೈಡ್ರೋಜನ್ ಸೇರಿದ ರಬ್ಬರ್ ಮೊದಲಿನ ರಬ್ಬರಿನ ಹಾಗೆಯೇ ಅಂಟು ಅಂಟಾಗಿ ಉಳಿಯಿತು.

ಇಷ್ಟಾದರೂ ಯಾರೂ ನಂಬಲಿಲ್ಲ. ಹೈನ್ರಿಖ್ ವೀಲಾಂಡ್ ಎಂಬ ದೊಡ್ಡ ವಿಜ್ಞಾನಿ ಸ್ನೇಹದಿಂದಲೇ ಒಂದು ಸಲಹೆ ಕೊಟ್ಟರು. ಈ ದೊಡ್ಡ ಅಣುಗಳ ಯೋಚನೆಯನ್ನು ಬಿಟ್ಟುಬಿಡಿ, 5,000ಕ್ಕಿಂತ ಹೆಚ್ಚು ಅಣುತೂಕದ ಸಾವಯವ ಅಣು ಇರುವುದೇ ಇಲ್ಲ, ನಿಮ್ಮ ರಬ್ಬರನ್ನು ಚೆನ್ನಾಗಿ ಶುದ್ಧ ಮಾಡಿದರೆ ಅದು ಹರಳುಗಟ್ಟಿ ಚಿಕ್ಕ ಅಣು ಎಂದು ತಾನೇ ತೋರಿಸುತ್ತದೆ ಎಂಬುದು ಆ ಸಲಹೆಯ ತಾತ್ಪರ್ಯ. ಅಂದರೆ ನಿಮ್ಮ ವಸ್ತು ಕೊಳಕಾಗಿದೆ ಎಂದ ಹಾಗೆ! ಒಬ್ಬ ರಸಾಯನಶಾಸ್ತ್ರಜ್ಞನಿಗೆ ಇದಕ್ಕಿಂತ ದೊಡ್ಡ ಅವಮಾನ ಇದೆಯೇ? 1925ರಲ್ಲಿ ಜೂರಿಕ್ ಬಿಡುವ ಮೊದಲು ಅಲ್ಲಿನ ಕೆಮಿಕಲ್ ಸೊಸೈಟಿಯಲ್ಲಿ ಉಪನ್ಯಾಸ ಕೊಟ್ಟರು. ಸಭೆಯಲ್ಲಿದ್ದ ಘಟಾನುಘಟಿಗಳು ಒಬ್ಬರಾದ ಮೇಲೆ ಒಬ್ಬರು ಎದ್ದು ವಿರೋಧಿಸಿದರು. ಹರಳುಗಳನ್ನು ಅಭ್ಯಾಸ ಮಾಡುವವರ ವಾದ ಬೇರೆ: ಎಕ್ಸ್-ಕಿರಣದಲ್ಲಿ ಕಾಣುವ ಹರಳಿನ ಮೂಲ ಚೌಕ ಇಷ್ಟು ಚಿಕ್ಕದಾಗಿರುವಾಗ ಅದಕ್ಕಿಂತ ದೊಡ್ಡ ಅಣು ಅದರೊಳಗೆ ಹೇಗೆ ಕೂರುತ್ತದೆ? ಒಂದು ಸರಪಳಿ ಅನೇಕ ಚೌಕಗಳನ್ನು ದಾಟಿ ಉದ್ದಕ್ಕೂ ಹೋಗಬಹುದು ಎಂಬುದು ಅವರಿಗೆ ಹೊಳೆದಿರಲಿಲ್ಲ. ಮರುವರ್ಷ ಡ್ಯೂಸೆಲ್ಡಾರ್ಫ್‌ನ ಸಮ್ಮೇಳನದಲ್ಲಿಯೂ ಜಟಾಪಟಿ ನಡೆಯಿತು. ಅಲ್ಲಿ ಅಧ್ಯಕ್ಷತೆ ವಹಿಸಿದ್ದವರು ಅದೇ ವಿಲ್‌ಶ್ಟೆಟರ್. ಕೊನೆಗೆ ಅವರ ಮನಸ್ಸು ಮಾತ್ರ ಸ್ಟೌಡಿಂಗರ್ ಅವರ ಕಡೆ ವಾಲಿತು.

1926ರಲ್ಲಿ ಸ್ಟೌಡಿಂಗರ್ ಫ್ರೈಬರ್ಗ್ ವಿಶ್ವವಿದ್ಯಾಲಯಕ್ಕೆ ಬಂದರು. ಅಲ್ಲಿ ಅವರಿಗಿಂತ ಮೊದಲು ಆ ಹುದ್ದೆಯಲ್ಲಿದ್ದವರು ವೀಲಾಂಡ್ ಅವರೇ. ಸ್ಟೌಡಿಂಗರ್ ಕೀಟೀನ್‌ನಂಥ ಹಳೆಯ ಕೆಲಸಗಳನ್ನೆಲ್ಲ ಬದಿಗಿಟ್ಟು ಪೂರ್ತಿಯಾಗಿ ದೊಡ್ಡ ಅಣುಗಳ ಹಿಂದೆ ಬಿದ್ದರು. ಬಾಯಲ್ಲಿ ದೊಡ್ಡದು ಎಂದರೆ ಸಾಲದು, ಎಷ್ಟು ದೊಡ್ಡದು ಎಂದು ಅಳೆದು ತೋರಿಸಬೇಕು. ಇಲ್ಲಿಂದಲೇ ಅಳತೆಯ ಕಥೆ ಶುರುವಾಗುತ್ತದೆ.

ಚಿಕ್ಕ ಅಣುವಿನ ತೂಕ ಕಂಡುಹಿಡಿಯಲು ಒಂದು ಹಳೆಯ ಉಪಾಯವಿತ್ತು. ದ್ರವದಲ್ಲಿ ಏನನ್ನಾದರೂ ಕರಗಿಸಿದರೆ ಅದು ಹೆಪ್ಪುಗಟ್ಟುವ ಉಷ್ಣಾಂಶ ಸ್ವಲ್ಪ ಇಳಿಯುತ್ತದೆ. ಎಷ್ಟು ಇಳಿಯುತ್ತದೆ ಎಂಬುದು ಒಳಗಿರುವ ಅಣುಗಳ ಸಂಖ್ಯೆಯನ್ನು ಅವಲಂಬಿಸಿದೆ. 100 ಗ್ರಾಂ ಬೆಂಜೀನ್‌ನಲ್ಲಿ ಅಣುತೂಕ 100 ಇರುವ ವಸ್ತುವನ್ನು 1 ಗ್ರಾಂ ಹಾಕಿದರೆ ಸುಮಾರು ಅರ್ಧ ಡಿಗ್ರಿ ಇಳಿಯುತ್ತದೆ. ಆದರೆ ಅಣುತೂಕ 1,00,000 ಇದ್ದರೆ ಅದೇ 1 ಗ್ರಾಂನಲ್ಲಿ ಅಣುಗಳ ಸಂಖ್ಯೆ ಸಾವಿರ ಪಟ್ಟು ಕಡಿಮೆ. ಆಗ ಇಳಿಯುವುದು ಒಂದು ಡಿಗ್ರಿಯನ್ನು ಎರಡು ಸಾವಿರ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗ. ಇದನ್ನು ಓದುವ ಥರ್ಮಾಮೀಟರ್ ಎಲ್ಲಿಂದ ತರುವುದು? ಸ್ವಲ್ಪ ಕೊಳೆ ಸೇರಿದರೂ ಲೆಕ್ಕ ತಪ್ಪುತ್ತದೆ.

ಇನ್ನೊಂದು ದಾರಿ ತುದಿಗಳನ್ನು ಎಣಿಸುವುದು. ಇದನ್ನು ನಾನು ಹೀಗೆ ಅರ್ಥ ಮಾಡಿಕೊಂಡೆ. ಒಂದು ದೊಡ್ಡ ಯಾರ್ಡ್‌ನಲ್ಲಿ ಅನೇಕ ರೈಲುಗಳು ನಿಂತಿವೆ. ಒಟ್ಟು ಬೋಗಿಗಳು 5,000. ಪ್ರತಿ ರೈಲಿಗೂ ಒಂದೇ ಇಂಜಿನ್. ಇಂಜಿನ್‌ಗಳು 250 ಇದ್ದರೆ ಒಂದು ರೈಲಿಗೆ ಸರಾಸರಿ 20 ಬೋಗಿ. ಸರಪಳಿಯ ಅಣುವಿನ ತುದಿಯಲ್ಲಿ ಬೇರೆ ಬಗೆಯ ಗುಂಪು ಇರುತ್ತದೆ; ಅದನ್ನು ರಾಸಾಯನಿಕವಾಗಿ ಎಣಿಸಬಹುದು. ಆದರೆ ರೈಲು ತೀರಾ ಉದ್ದವಾದರೆ ಇಂಜಿನ್ ಅಪರೂಪವಾಗುತ್ತದೆ, ಎಣಿಕೆ ಕಷ್ಟ. ಇನ್ನೊಂದು ಕೊರತೆ ಇದೆ. ಎಲ್ಲ ರೈಲಿಗೂ ಸರಿಯಾಗಿ 20 ಬೋಗಿ ಇದೆಯೋ, ಅಥವಾ ಒಂದಕ್ಕೆ 2, ಇನ್ನೊಂದಕ್ಕೆ 38 ಇದೆಯೋ ಎಂಬುದು ಈ ಎಣಿಕೆಯಿಂದ ತಿಳಿಯುವುದಿಲ್ಲ.

ಸ್ಟೌಡಿಂಗರ್ ಹಿಡಿದ ಮೂರನೆಯ ದಾರಿ ತುಂಬಾ ಸರಳ. ಒಂದು ಗಾಜಿನ ಯು ಆಕಾರದ ಕೊಳವೆ. ಅದರ ಒಂದು ಕಡೆ ಕೂದಲಿನಂಥ ಸಣ್ಣ ದಾರಿ. ಮೇಲೊಂದು ಗೆರೆ, ಕೆಳಗೊಂದು ಗೆರೆ. ದ್ರವ ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ ಇಳಿಯಲು ಎಷ್ಟು ಸೆಕೆಂಡು ಬೇಕು ಎಂದು ಸ್ಟಾಪ್‌ವಾಚ್ ಹಿಡಿದು ನೋಡುವುದು. ಬರೀ ದ್ರಾವಕಕ್ಕೆ 100 ಸೆಕೆಂಡು, ಪಾಲಿಮರ್ ಕರಗಿಸಿದ ಮೇಲೆ 120 ಸೆಕೆಂಡು ಎಂದಿಟ್ಟುಕೊಳ್ಳಿ. ಹೆಚ್ಚಾದದ್ದು ನೂರಕ್ಕೆ 20. ದ್ರಾವಣ ಎಷ್ಟು ಮಂದವಾಯಿತು ಎಂಬುದರ ಅಳತೆ ಇದು. ಪಠ್ಯಪುಸ್ತಕದಲ್ಲಿ ಇದಕ್ಕೆ ಸ್ನಿಗ್ಧತೆ ಎನ್ನುತ್ತಾರೆ. ಮನೆಯಲ್ಲಿ ಅಮ್ಮಿ ಶಾವಿಗೆ ಪಾಯಸ ಮಾಡುವಾಗ ನೀವೂ ನೋಡಿರಬಹುದು. ಒಂದೇ ತೂಕದ ಶಾವಿಗೆಯನ್ನು ಚೂರು ಚೂರು ಮಾಡಿ ಹಾಲಿಗೆ ಹಾಕಿದರೆ ಸೌಟು ಸಲೀಸಾಗಿ ತಿರುಗುತ್ತದೆ. ಉದ್ದುದ್ದ ಹಾಗೆಯೇ ಹಾಕಿದರೆ ಸೌಟಿಗೆ ತೊಡಕು. ತೂಕ ಒಂದೇ, ಉದ್ದ ಬೇರೆ.

ಸ್ಟೌಡಿಂಗರ್ ಮೊದಲು ಗಿಡ್ಡ ಸರಪಳಿಗಳನ್ನು ತೆಗೆದುಕೊಂಡರು. ಅವುಗಳ ಅಣುತೂಕ ಹಳೆಯ ವಿಧಾನದಿಂದಲೇ ಗೊತ್ತಾಗುತ್ತಿತ್ತು. ಅವುಗಳ ಸ್ನಿಗ್ಧತೆಯನ್ನೂ ಅಳೆದು ಎರಡಕ್ಕೂ ಸಂಬಂಧ ನೋಡಿದರು. ಸಮಾನ ಸಾಂದ್ರತೆಯಲ್ಲಿ ಅಣುತೂಕ ಎರಡು ಪಟ್ಟಾದರೆ ಸ್ನಿಗ್ಧತೆಯ ಹೆಚ್ಚಳವೂ ಎರಡು ಪಟ್ಟು ಎಂದು 1930ರಲ್ಲಿ ಒಂದು ನಿಯಮ ಹೇಳಿದರು. ಆ ನೇರ ಗೆರೆಯನ್ನು ಮುಂದಕ್ಕೆ ಎಳೆದು, ಗೊತ್ತಿಲ್ಲದ ಉದ್ದ ಸರಪಳಿಗಳ ಅಣುತೂಕ ಓದಿದರು. ಉತ್ತರ ಸಾವಿರಗಳಲ್ಲಿ ಅಲ್ಲ, ಲಕ್ಷಗಳಲ್ಲಿ ಬಂತು.

ಅವರ ಪ್ರೀತಿಯ ವಸ್ತು ಪಾಲಿಸ್ಟೈರೀನ್. ಇಂದು ಟಿ.ವಿ. ಪೆಟ್ಟಿಗೆಯೊಳಗೆ ಬರುವ ಬಿಳಿ ಥರ್ಮೋಕೋಲ್ ಇದೆಯಲ್ಲ, ಅದು ಇದೇ. ಸ್ಟೈರೀನ್ ಎಂಬ ದ್ರವವನ್ನು ಹೆಚ್ಚು ಬಿಸಿಯಲ್ಲಿ ಇಟ್ಟು ಪಾಲಿಮರ್ ಮಾಡಿದರೆ ಸರಪಳಿ ಗಿಡ್ಡ, ತಣ್ಣಗೆ ನಿಧಾನವಾಗಿ ಮಾಡಿದರೆ ಉದ್ದ ಎಂದು ಅವರಿಗೆ ತಿಳಿಯಿತು. ಅದಕ್ಕಿಂತ ಮುಖ್ಯವಾದ ವಿಷಯ ಇನ್ನೊಂದು. ಒಂದೇ ಬಾಟಲಿಯಲ್ಲಿ ಮಾಡಿದ ಪಾಲಿಸ್ಟೈರೀನ್‌ನಲ್ಲಿಯೂ ಸರಪಳಿಗಳೆಲ್ಲ ಒಂದೇ ಉದ್ದ ಇರುವುದಿಲ್ಲ. ಅದನ್ನು ಬೆಂಜೀನ್‌ನಲ್ಲಿ ಕರಗಿಸಿ, ಪಾಲಿಸ್ಟೈರೀನ್ ಕರಗದ ಮೆಥನಾಲನ್ನು ಸ್ವಲ್ಪ ಸ್ವಲ್ಪವಾಗಿ ಸುರಿಯುತ್ತಾ ಹೋದರೆ ಮೊದಲು ಅತಿ ಉದ್ದದವು ತಳಕ್ಕೆ ಬೀಳುತ್ತವೆ. ಅವನ್ನು ತೆಗೆದಿಟ್ಟು ಇನ್ನಷ್ಟು ಸುರಿದರೆ ಮಧ್ಯಮದವು. ಕೊನೆಗೆ ಗಿಡ್ಡವು. ಅಕ್ಕಿಯನ್ನು ಬೇರೆ ಬೇರೆ ಜರಡಿಯಲ್ಲಿ ಹಿಡಿದಂತೆ. ಪ್ರತಿ ಪಾಲನ್ನೂ ತೂಗಿ ಅದರ ಸ್ನಿಗ್ಧತೆ ಅಳೆದರೆ ಯಾವ ಉದ್ದದವು ಎಷ್ಟಿವೆ ಎಂಬ ಪಟ್ಟಿ ಸಿಗುತ್ತದೆ. ನಾವು ಪರೀಕ್ಷೆಯಲ್ಲಿ ಬರೆಯುವ ಆವೃತ್ತಿ ವಿತರಣಾ ಪಟ್ಟಿ ಇದೇ ತಾನೇ?

ಗೆಳತಿಯ ನೋಟ್ಸ್‌ನಲ್ಲಿದ್ದ ಎರಡು ಸರಾಸರಿಗಳ ಗುಟ್ಟು ಇಲ್ಲಿದೆ. ಒಂದು ಉದಾಹರಣೆ ಕೊಡುತ್ತೇನೆ. ಹತ್ತು ಜನರಲ್ಲಿ ಒಂಬತ್ತು ಮಂದಿಯ ಬಳಿ ತಲಾ 10,000 ರೂಪಾಯಿ, ಹತ್ತನೆಯವರ ಬಳಿ 1,10,000 ರೂಪಾಯಿ ಇದೆ. ಒಟ್ಟು 2,00,000. ತಲೆಗೆ ಸರಾಸರಿ 20,000. ಈಗ ತಲೆಗಳನ್ನು ಬಿಟ್ಟು ರೂಪಾಯಿಗಳನ್ನು ಕೇಳೋಣ: ನೀನು ಎಷ್ಟು ದೊಡ್ಡ ಜೇಬಿನಲ್ಲಿದ್ದೀಯೆ? 90,000 ರೂಪಾಯಿಗಳು 10,000ದ ಜೇಬು ಎನ್ನುತ್ತವೆ, 1,10,000 ರೂಪಾಯಿಗಳು 1,10,000ದ ಜೇಬು ಎನ್ನುತ್ತವೆ. ಈ ಉತ್ತರಗಳ ಸರಾಸರಿ 65,000. ಮೊದಲನೆಯದು ಸಂಖ್ಯಾ ಸರಾಸರಿ, ಎರಡನೆಯದು ತೂಕದ ಸರಾಸರಿ. ಎಲ್ಲರ ಬಳಿಯೂ ಸಮನಾಗಿ 20,000 ಇದ್ದಿದ್ದರೆ ಎರಡೂ ಒಂದೇ ಬರುತ್ತಿತ್ತು. ಎರಡರ ನಡುವೆ ಅಂತರ ಹೆಚ್ಚಿದಷ್ಟೂ ಒಳಗೆ ಅಸಮಾನತೆ ಹೆಚ್ಚು. ಪಾಲಿಮರ್‌ನಲ್ಲಿಯೂ ಹೀಗೆಯೇ. ಹೆಪ್ಪುಗಟ್ಟುವ ಉಷ್ಣಾಂಶ, ತುದಿಗಳ ಎಣಿಕೆ ಇವು ತಲೆ ಎಣಿಸುತ್ತವೆ, ಆದ್ದರಿಂದ ಸಂಖ್ಯಾ ಸರಾಸರಿ ಕೊಡುತ್ತವೆ. ದ್ರಾವಣದ ಮೇಲೆ ಬೆಳಕು ಬಿಟ್ಟು ಅದು ಎಷ್ಟು ಚದುರುತ್ತದೆ ಎಂದು ನೋಡುವ ವಿಧಾನ, 1944ರಲ್ಲಿ ಪೀಟರ್ ಡಿಬೈ ವಿವರಿಸಿದ್ದು, ತೂಕದ ಸರಾಸರಿ ಕೊಡುತ್ತದೆ. ಎರಡನ್ನೂ ಭಾಗಿಸಿದರೆ ಉದ್ದಗಳು ಎಷ್ಟು ಹರಡಿಕೊಂಡಿವೆ ಎಂದು ತಿಳಿಯುತ್ತದೆ. ಇದು ಬರೀ ಲೆಕ್ಕದ ಆಟವಲ್ಲ. ಗಿಡ್ಡ ಸರಪಳಿಗಳು ಹೆಚ್ಚಾದರೆ ಪ್ಲಾಸ್ಟಿಕ್ ಕೊಡ ಬೇಗ ಸೀಳುತ್ತದೆ. ತೀರಾ ಉದ್ದವಾದವು ಹೆಚ್ಚಾದರೆ ಕರಗಿಸಿ ಅಚ್ಚಿಗೆ ಹಾಕುವುದೇ ಕಷ್ಟ.

ಸ್ಟೌಡಿಂಗರ್ ಅವರ ನಿಯಮವನ್ನು ಎಲ್ಲರೂ ಒಪ್ಪಲಿಲ್ಲ. ಗಾಜಿನ ಕೊಳವೆಯಲ್ಲಿ ನೋಡಿದ ಮಾತ್ರಕ್ಕೆ ನಂಬುವುದು ಹೇಗೆ ಎಂದರು. ಆಗ ಸ್ವೀಡನ್ನಿನ ಉಪ್ಸಾಲಾದಲ್ಲಿ ಥಿಯೋಡರ್ ಸ್ವೆಡ್‌ಬರ್ಗ್ ಎಂಬವರ ಬಳಿ ಅಲ್ಟ್ರಾಸೆಂಟ್ರಿಫ್ಯೂಜ್ ಎಂಬ ಯಂತ್ರವಿತ್ತು. ದ್ರಾವಣವನ್ನು ಭಯಂಕರ ವೇಗದಲ್ಲಿ ಸುತ್ತಿಸಿ, ಒಳಗಿನ ಅಣುಗಳು ಎಷ್ಟು ಬೇಗ ಹೊರ ಅಂಚಿಗೆ ಸರಿಯುತ್ತವೆ ಎಂದು ನೋಡಿ ತೂಕ ತಿಳಿಯುವ ಯಂತ್ರ. ರಕ್ತದ ಹಿಮೋಗ್ಲೋಬಿನ್ ಅಣುತೂಕ 60,000ಕ್ಕೂ ಹೆಚ್ಚು ಎಂದು ಸ್ವೆಡ್‌ಬರ್ಗ್ ಅದರಿಂದ ತೋರಿಸಿದ್ದರು. ವೀಲಾಂಡ್ ಹೇಳಿದ 5,000ದ ಗೋಡೆ ಅಲ್ಲಿಯೇ ಬಿರುಕು ಬಿಟ್ಟಿತ್ತು. ಸ್ಟೌಡಿಂಗರ್ ಅವರ ಸಹೋದ್ಯೋಗಿ ರುಡಾಲ್ಫ್ ಸಿಗ್ನರ್ ಉಪ್ಸಾಲಾಕ್ಕೆ ಹೋಗಿ ಪಾಲಿಸ್ಟೈರೀನನ್ನು ಆ ಯಂತ್ರದಲ್ಲಿ ಸುತ್ತಿಸಿದರು. 1934ರಲ್ಲಿ ಫಲಿತಾಂಶ ಪ್ರಕಟವಾಯಿತು. ಅಲ್ಲಿಯೂ ದೊಡ್ಡ ಅಣುಗಳೇ. (ಇದೇ ಸಿಗ್ನರ್ 1950ರಲ್ಲಿ ತಾವು ಶುದ್ಧವಾಗಿ ತೆಗೆದ ಡಿ.ಎನ್.ಎ.ಯನ್ನು ಲಂಡನ್ನಿನಲ್ಲಿ ಉದಾರವಾಗಿ ಹಂಚಿದರು. ರೋಸಲಿಂಡ್ ಫ್ರಾಂಕ್ಲಿನ್ ತೆಗೆದ ಪ್ರಸಿದ್ಧ ಎಕ್ಸ್-ಕಿರಣ ಚಿತ್ರಗಳಿಗೆ ಬಳಕೆಯಾದದ್ದು ಆ ಡಿ.ಎನ್.ಎ.) ಅತ್ತ ಅಮೆರಿಕದಲ್ಲಿ ವ್ಯಾಲೆಸ್ ಕರಾಥರ್ಸ್ ಒಂದೊಂದೇ ಕೊಂಡಿ ಹಾಕಿ ಉದ್ದ ಸರಪಳಿಗಳನ್ನು ಕಟ್ಟಿ, 1935ರಲ್ಲಿ ನೈಲಾನ್ ಮಾಡಿ ತೋರಿಸಿದರು. ಅದೇ ವರ್ಷ ಕೇಂಬ್ರಿಡ್ಜ್‌ನಲ್ಲಿ ನಡೆದ ಸಭೆಯ ವೇಳೆಗೆ ದೊಡ್ಡ ಅಣುಗಳು ಇವೆಯೋ ಇಲ್ಲವೋ ಎಂಬ ಜಗಳ ಹೆಚ್ಚು ಕಡಿಮೆ ಮುಗಿದಿತ್ತು.

ಆದರೆ ಸ್ಟೌಡಿಂಗರ್ ಹೇಳಿದ್ದೆಲ್ಲ ಸರಿ ಎಂದು ನಾನು ಬರೆದರೆ ತಪ್ಪಾಗುತ್ತದೆ. ದ್ರಾವಣದಲ್ಲಿ ಈ ಸರಪಳಿಗಳು ಕಡ್ಡಿಯಂತೆ ನೆಟ್ಟಗೆ, ಬಿಗಿಯಾಗಿ ಇರುತ್ತವೆ ಎಂದು ಅವರು ಹಠ ಹಿಡಿದಿದ್ದರು. ಹಸಿ ಶಾವಿಗೆಯ ಹಾಗೆ. ವರ್ನರ್ ಕೂನ್, ಹರ್ಮನ್ ಮಾರ್ಕ್ ಮೊದಲಾದವರು ಇಲ್ಲ, ಬೆಂದ ಶಾವಿಗೆಯ ಹಾಗೆ ಬಳುಕಿ ಸುರುಳಿಯಾಗಿರುತ್ತವೆ ಎಂದರು. ಅವರ ಮಾತೇ ಸರಿಯಾಯಿತು. ಸುರುಳಿಯಾದ ಸರಪಳಿ ಎರಡು ಪಟ್ಟು ಉದ್ದವಾದರೂ ಸ್ನಿಗ್ಧತೆ ಎರಡು ಪಟ್ಟು ಆಗುವುದಿಲ್ಲ, ಅದಕ್ಕಿಂತ ಕಡಿಮೆ ಏರುತ್ತದೆ. ಎಷ್ಟು ಕಡಿಮೆ ಎಂಬುದು ಪಾಲಿಮರ್ ಮತ್ತು ದ್ರಾವಕವನ್ನು ಅವಲಂಬಿಸುತ್ತದೆ. ಮಾರ್ಕ್ ಮತ್ತು ಹೌವಿಂಕ್ ಎಂಬ ಇಬ್ಬರ ಹೆಸರಿನಲ್ಲಿ ತಿದ್ದಿದ ಸೂತ್ರವೇ ಇಂದು ಬಳಕೆಯಲ್ಲಿದೆ. ಹತ್ತು ವರ್ಷ ಎಲ್ಲರೂ ತನ್ನ ಮಾತನ್ನು ಕೇಳಲಿಲ್ಲ ಎಂದು ನೊಂದ ಮನುಷ್ಯ, ತಾನೂ ಬೇರೆಯವರ ಮಾತನ್ನು ಕೇಳಲಿಲ್ಲ. ನನಗೆ ಇದು ಬೇಸರ ತಂದಿತು. ಆದರೆ ಅಷ್ಟು ವರ್ಷ ಒಂಟಿಯಾಗಿ ಹೋರಾಡಿದವರಿಗೆ ಹಠ ಅಭ್ಯಾಸವಾಗಿಬಿಡುತ್ತದೋ ಏನೋ.

ಈಗ ಆ ಹಳೆಯ ಆರೋಪದ ವಿಷಯ. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಫ್ರೈಬರ್ಗ್ ವಿಶ್ವವಿದ್ಯಾಲಯದ ರೆಕ್ಟರ್, ಅಂದರೆ ನಮ್ಮ ಕುಲಪತಿಯಂಥವರು, ಪ್ರಸಿದ್ಧ ತತ್ತ್ವಜ್ಞಾನಿ ಮಾರ್ಟಿನ್ ಹೈಡೆಗರ್. ಯುದ್ಧದ ಕಾಲದಲ್ಲಿ ಸ್ಟೌಡಿಂಗರ್ ಶಾಂತಿಯ ಮಾತಾಡಿದ್ದರು, ಸ್ವಿಟ್ಜರ್ಲೆಂಡಿನ ಪೌರತ್ವಕ್ಕೆ ಅರ್ಜಿ ಹಾಕಿದ್ದರು ಎಂದು ಈ ಹೈಡೆಗರ್ ಸರ್ಕಾರಕ್ಕೆ ದೂರು ಮುಟ್ಟಿಸಿದರು. ಗೆಸ್ಟಾಪೋ ಎಂಬ ಗುಪ್ತ ಪೊಲೀಸರು ಕಡತ ತೆಗೆದರು. 1934ರಲ್ಲಿ ಸ್ಟೌಡಿಂಗರ್ ಅವರಿಂದ ರಾಜೀನಾಮೆ ಪತ್ರಕ್ಕೆ ಸಹಿ ಹಾಕಿಸಿ ಇಟ್ಟುಕೊಂಡರು. ಬಾಲ ಬಿಚ್ಚಿದರೆ ಕೂಡಲೇ ಜಾರಿಗೆ ತರುತ್ತೇವೆ ಎಂಬ ಬೆದರಿಕೆ. ಕೆಲವು ತಿಂಗಳ ನಂತರ ಪತ್ರವನ್ನು ಕೈಬಿಟ್ಟರು. ಅದೇ ದಿನಗಳಲ್ಲಿ ಅವರು ಜರ್ಮನ್ ಜನತೆಗೆ ರಸಾಯನಶಾಸ್ತ್ರ ಎಷ್ಟು ಮುಖ್ಯ ಎಂದು ಆಳುವ ಪಕ್ಷದ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. 1917ರಲ್ಲಿ ಅಷ್ಟು ಧೈರ್ಯದಿಂದ ಲೆಕ್ಕ ಒಪ್ಪಿಸಿದವರು ಇಲ್ಲಿ ತಲೆ ತಗ್ಗಿಸಿದರು. ಸಹಿ ಮಾಡಿದ ರಾಜೀನಾಮೆ ಬೇರೆಯವರ ಮೇಜಿನ ಡ್ರಾಯರ್‌ನಲ್ಲಿರುವಾಗ ನಾನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಯೋಚಿಸಿದೆ. ಉತ್ತರ ಸಿಗಲಿಲ್ಲ.

ಈ ವರ್ಷಗಳಲ್ಲಿ ಅವರ ಜೊತೆಗಿದ್ದವರು ಎರಡನೆಯ ಪತ್ನಿ ಮಗ್ದಾ. ಅವರು ಲಾಟ್ವಿಯಾ ಮೂಲದ ಸಸ್ಯವಿಜ್ಞಾನಿ. 1928ರಲ್ಲಿ ಮದುವೆಯಾದ ಮೇಲೆ ಪ್ರಯೋಗಶಾಲೆಯಲ್ಲಿಯೂ ಜೊತೆಯಾಗಿ ದುಡಿದರು, ಜೊತೆಯಾಗಿ ಪ್ರಬಂಧ ಬರೆದರು. ಚಿಕ್ಕಂದಿನಲ್ಲಿ ಬಿಟ್ಟುಬಂದ ಸಸ್ಯಶಾಸ್ತ್ರ ಹೀಗೆ ಸ್ಟೌಡಿಂಗರ್ ಅವರ ಮನೆಗೇ ಬಂತು. ಹತ್ತಿ, ಮರ ಇವುಗಳಲ್ಲಿರುವ ಸೆಲ್ಯುಲೋಸ್ ಕೂಡ ಉದ್ದ ಸರಪಳಿಯೇ ಅಲ್ಲವೇ?

1944ರ ನವೆಂಬರ್ 27ರ ರಾತ್ರಿ ಬ್ರಿಟಿಷ್ ವಿಮಾನಗಳು ಫ್ರೈಬರ್ಗ್ ಮೇಲೆ ಬಾಂಬ್ ಸುರಿಸಿದವು. ರಸಾಯನಶಾಸ್ತ್ರ ವಿಭಾಗದ ಕಟ್ಟಡ ನಾಶವಾಯಿತು. ಆಗ ಅವರಿಗೆ ಅರವತ್ತಮೂರು ವರ್ಷ. ಮತ್ತೆ ಮೊದಲಿನಿಂದ ಶುರು ಮಾಡಿದರು. 1947ರಲ್ಲಿ ದೊಡ್ಡ ಅಣುಗಳಿಗೆಂದೇ ಒಂದು ವಿಜ್ಞಾನ ಪತ್ರಿಕೆ ಆರಂಭಿಸಿದರು. 1951ರಲ್ಲಿ ನಿವೃತ್ತರಾದರು. 1953ರಲ್ಲಿ ನೊಬೆಲ್ ಪ್ರಶಸ್ತಿ ಬಂದಾಗ ಅವರಿಗೆ ಎಪ್ಪತ್ತೆರಡು, ಮೊದಲ ಪ್ರಬಂಧ ಬರೆದು ಮೂವತ್ತಮೂರು ವರ್ಷ. ಅಷ್ಟರಲ್ಲಿ ಅಂಗಡಿಗಳಲ್ಲಿ ನೈಲಾನ್ ಕಾಲುಚೀಲ, ಪ್ಲಾಸ್ಟಿಕ್ ಬಕೆಟ್ ಎಲ್ಲ ಬಂದಾಗಿತ್ತು. ಇಲ್ಲವೆಂದು ಹೇಳಿದ ವಸ್ತುವನ್ನು ಜನ ದುಡ್ಡು ಕೊಟ್ಟು ಕೊಳ್ಳುತ್ತಿದ್ದರು!

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. 1930ರ ದಶಕದ ಮಧ್ಯದಲ್ಲಿ ಸ್ಟೌಡಿಂಗರ್ ಅವರು ಸ್ಟೈರೀನ್‌ಗೆ ಡೈವಿನೈಲ್‌ಬೆಂಜೀನ್ ಎಂಬ ವಸ್ತುವನ್ನು ಒಂದು ಚೂರು ಸೇರಿಸಿ ಪಾಲಿಮರ್ ಮಾಡಿದ್ದರು. ಸರಪಳಿಗಳು ಒಂದಕ್ಕೊಂದು ಅಡ್ಡ ಹೆಣೆದುಕೊಂಡು ಬಲೆಯಾದವು. ಆ ಪಾಲಿಸ್ಟೈರೀನ್ ಯಾವ ದ್ರಾವಕದಲ್ಲಿಯೂ ಕರಗದೆ ಬರೀ ಉಬ್ಬಿಕೊಂಡಿತು. ಆಗ ಅದು ಒಂದು ಕುತೂಹಲ ಮಾತ್ರ. 1964ರಲ್ಲಿ ಅಮೆರಿಕದಲ್ಲಿ ಜಾನ್ ಮೂ‌ರ್ ಎಂಬವರು ಇದೇ ಬಗೆಯ ಬಲೆಯಿಂದ ಸಣ್ಣ ರಂಧ್ರಗಳಿರುವ ಮಣಿಗಳನ್ನು ಮಾಡಿ ಉದ್ದ ಕೊಳವೆಯಲ್ಲಿ ತುಂಬಿದರು. ಮೇಲಿನಿಂದ ಪಾಲಿಮರ್ ದ್ರಾವಣ ಹರಿಸಿದರು. ಸಂತೆ ಬೀದಿಯಲ್ಲಿ ಕೈಗಾಡಿ ಎಲ್ಲಿಯೂ ನುಗ್ಗಲಾರದೆ ನೇರವಾಗಿ ಹೋಗಿಬಿಡುತ್ತದೆ, ಮಕ್ಕಳು ಪ್ರತಿ ಅಂಗಡಿಗೂ ನುಗ್ಗಿ ತಡವಾಗಿ ಬರುತ್ತಾರೆ. ಹಾಗೆಯೇ ದೊಡ್ಡ ಅಣುಗಳು ರಂಧ್ರದೊಳಗೆ ಹೋಗಲಾರದೆ ಮೊದಲು ಹೊರಬಂದವು, ಚಿಕ್ಕವು ಎಲ್ಲ ರಂಧ್ರಗಳನ್ನೂ ಸುತ್ತಿ ಕೊನೆಗೆ ಬಂದವು. ಸ್ಟೌಡಿಂಗರ್ ಅವರ ಕಾಲದಲ್ಲಿ ಮೆಥನಾಲ್ ಸುರಿದು ಸುರಿದು ಪಾಲು ಮಾಡುತ್ತಿದ್ದ ಕೆಲಸವನ್ನು ಈಗ ಯಂತ್ರವೇ ಮಾಡಿ, ಯಾವ ಗಾತ್ರದವು ಎಷ್ಟು ಎಂಬ ಗೆರೆಯನ್ನು ಕಾಗದದ ಮೇಲೆ ಎಳೆದು ಕೊಡುತ್ತದೆ. ಸ್ಟೌಡಿಂಗರ್ 1965ರ ಸೆಪ್ಟೆಂಬರ್ 8ರಂದು ಫ್ರೈಬರ್ಗ್‌ನಲ್ಲಿ ತೀರಿಕೊಂಡರು. ಇಂದಿಗೂ ಆ ಯಂತ್ರವನ್ನು ಸರಿಯಾಗಿ ಹೊಂದಿಸಿಕೊಳ್ಳಲು, ಉದ್ದ ಮೊದಲೇ ಗೊತ್ತಿರುವ ಮಾದರಿಯಾಗಿ ಹೆಚ್ಚಾಗಿ ಒಳಗೆ ಬಿಡುವುದು ಪಾಲಿಸ್ಟೈರೀನನ್ನೇ.